ಹೆಸರು, ತಾರೀಖು, ಐವತ್ತಾರು ದಿನ

(2026ರ ಸಂಕ್ರಾಂತಿಯ ಸಮಯದಲ್ಲಿ ಸ್ವೋರ್ಡ್ಸ್‌ನಲ್ಲಿ ಸೇರಿದ್ದ ನಮ್ಮ ಕೂಟದಲ್ಲಿ ಆಡಿದ ಮಾತು)



ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಅಂತಾರೆ. ನಮ್ಮ ಸಮಿತಿಯವರು ನನ್ನ ಕೈಗೆ ಎಳ್ಳು ಬೆಲ್ಲ ಕೊಟ್ಟು, "ನೀವು ವ್ಯಾಪಾರದ ಕಾನೂನು ಏನೇನು ಬದಲಾಗಿದೆ ಅಂತ ಸ್ವಲ್ಪ ಮಾತಾಡಿ" ಅಂದರು. ಒಳಗಿಂದ ಹುಗ್ಗಿಯ ಘಮ ಬರ್ತಾ ಇದೆ, ಮಕ್ಕಳಿಗೆ ಹಸಿವಾಗಿದೆ, ಈ ಹೊತ್ತಿನಲ್ಲಿ ಕಾನೂನು ಯಾರಿಗೆ ಬೇಕು ಅಂತ ನನಗೂ ಅನ್ನಿಸಿತು. ಆದರೆ ಈ ಸಭೆಯಲ್ಲಿ ಕೂತಿರುವವರಲ್ಲಿ ಕನಿಷ್ಠ ಐದಾರು ಜನ ಕಳೆದ ಒಂದು ವರ್ಷದಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಅಣ್ಣಾ, ನಾವೂ ಏನಾದ್ರೂ ಶುರು ಮಾಡೋಣ ಅಂತಿದೀವಿ" ಅಂದಿದ್ದೀರಿ. ನಿಮಗೆ ಒಬ್ಬೊಬ್ಬರಿಗೇ ಹೇಳೋದನ್ನು ಇವತ್ತು ಒಟ್ಟಿಗೆ ಹೇಳಿಬಿಡ್ತೀನಿ. ಇಪ್ಪತ್ತು ನಿಮಿಷ ಕೊಡಿ.

ನಾನು ವಕೀಲನಲ್ಲ, ಅಕೌಂಟೆಂಟೂ ಅಲ್ಲ. ಹಾಸನದ ಕಡೆಯವನು. ಇಲ್ಲಿ ಏರ್‌ಪೋರ್ಟ್ ಹತ್ತಿರದ ಗೋದಾಮೊಂದರಲ್ಲಿ ನೈಟ್ ಶಿಫ್ಟ್ ಮಾಡಿಕೊಂಡಿದ್ದವನು. ಈಗ ದೋಸೆ ಹಿಟ್ಟು, ಚಟ್ನಿಪುಡಿ ಮಾಡಿ ಮಾರ್ತೀನಿ. ನಾನು ಹೇಳೋದು ಎಡವಿ ಬಿದ್ದು ಕಲಿತ ಪಾಠ. ನಿಮ್ಮ ನಿಮ್ಮ ವಿಷಯಕ್ಕೆ ತಿಳಿದವರನ್ನು ಕೇಳಲೇಬೇಕು.

ಊರಿಗೆ ಫೋನ್ ಮಾಡಿದಾಗ ನಮ್ಮ ಭಾವ ಕೇಳ್ತಿದ್ದರು, "ಸ್ವೋರ್ಡ್ಸ್ ಅಂದ್ರೆ ಕತ್ತಿಗಳ ಊರೇನಪ್ಪಾ?" ಅಂತ. ಇಲ್ಲಿ ಕೋಟೆ ಇದೆ ನಿಜ, ಆದರೆ ಹೆಸರು ಕತ್ತಿಯಿಂದ ಬಂದದ್ದಲ್ಲ. ಐರಿಷ್‌ನಲ್ಲಿ ಈ ಊರು ಸೋರ್ಡ್, ಸಂತ ಕೊಲಂಕಿಲೆಯ ಸೋರ್ಡ್. ಶುದ್ಧ, ತಿಳಿ ಅನ್ನೋ ಅರ್ಥ ಹೇಳ್ತಾರೆ, ಇಲ್ಲಿನ ಬಾವಿಯ ನೀರಿಗೆ ಸಂಬಂಧಿಸಿದ್ದು. ಇಂಗ್ಲಿಷಿನಲ್ಲಿ ಬರೆದಾಗ ತಿಳಿನೀರು ಕತ್ತಿಯಾಯಿತು. ಕಾಗದದ ಮೇಲೆ ಹೆಸರು ಬದಲಾದರೆ ಏನಾಗುತ್ತೆ ಅನ್ನೋದೇ ನನ್ನ ಕಥೆ ಕೂಡ.

ನನ್ನ ಹೆಂಡತಿ ನರ್ಸ್. 2016ರಲ್ಲಿ ಅವಳ ಪರ್ಮಿಟ್ ಮೇಲೆ ನಾವು ಬಂದದ್ದು. 2022ರ ಹೊತ್ತಿಗೆ ಇಬ್ಬರಿಗೂ ಸ್ಟಾಂಪ್ 4 ಇತ್ತು. ಮನೆಯಲ್ಲಿ ಗ್ರೈಂಡರ್ ಇತ್ತು. ಸ್ನೇಹಿತರಿಗೆ ಹಿಟ್ಟು ರುಬ್ಬಿಕೊಟ್ಟು ಕೊಟ್ಟು, "ದುಡ್ಡು ತಗೊಳ್ಳಿ, ಇಲ್ದಿದ್ರೆ ನಾವು ತಗೊಳ್ಳಲ್ಲ" ಅನ್ನಿಸಿಕೊಂಡ ಮೇಲೆ, ಸರಿಯಾಗಿಯೇ ಮಾಡೋಣ ಅಂತ ಒಂದು ಲಿಮಿಟೆಡ್ ಕಂಪನಿ ಮಾಡಿದೆ. 2022ರ ಮಾರ್ಚ್ 14ರಂದು ಕಂಪನಿ ನೋಂದಣಿ ಕಚೇರಿಯಿಂದ, ಅಂದರೆ ಸಿಆರ್‌ಒದಿಂದ, ಪ್ರಮಾಣಪತ್ರ ಬಂತು. ಆನ್‌ಲೈನ್‌ನಲ್ಲಿ 50 ಯೂರೋ ಶುಲ್ಕ. ಪ್ರಿಂಟ್ ತೆಗೆದು ದೇವರ ಮುಂದೆ ಇಟ್ಟೆ. ಡೈರೆಕ್ಟರುಗಳು ನಾವಿಬ್ಬರು. ಇಷ್ಟು ಸುಲಭವಾ ಅನ್ನಿಸಿತು.

ಶುರು ಮಾಡೋದು ಸುಲಭವೇ. ಕಂಪನಿ ಅನ್ನೋದು ಹುಟ್ಟಿದ ಮಗುವಿನ ಹಾಗೆ. ಹುಟ್ಟಿದ ದಿನದಿಂದ ಅದಕ್ಕೆ ತನ್ನದೇ ಹೆಸರು, ತನ್ನದೇ ತಾರೀಖು. ನಾವು ವ್ಯಾಪಾರ ಮಾಡಲಿ ಬಿಡಲಿ, ಪ್ರತಿ ವರ್ಷ ಅದರ ಪರವಾಗಿ ವಾರ್ಷಿಕ ರಿಟರ್ನ್ ಕೊಡಬೇಕು. ಕಂಪನಿ ಹುಟ್ಟಿ ಆರು ತಿಂಗಳಿಗೆ ಮೊದಲ ರಿಟರ್ನ್ ತಾರೀಖು. ಆ ಸಲ ಲೆಕ್ಕಪತ್ರ ಬೇಡ. ಆಮೇಲೆ ಪ್ರತಿ ವರ್ಷ ಅದೇ ತಾರೀಖಿಗೆ, ಲೆಕ್ಕಪತ್ರದ ಸಮೇತ. ತಾರೀಖಿನಿಂದ 56 ದಿನದೊಳಗೆ ಎಲ್ಲ ತಲುಪಬೇಕು. ನಮ್ಮದು ಸೆಪ್ಟೆಂಬರ್ 14. ಐವತ್ತಾರನೇ ದಿನ ನವೆಂಬರ್ 9.

ಮೊದಲನೇ ವರ್ಷ ಸರಿಯಾಗಿ ಕೊಟ್ಟೆ. 2023ರಲ್ಲಿ ನಿಯಮ ಬದಲಾಯಿತು. ಆ ವರ್ಷದ ಜೂನ್ 11ರಿಂದ, ರಿಟರ್ನ್ ಕೊಡುವಾಗ ಪ್ರತಿಯೊಬ್ಬ ಡೈರೆಕ್ಟರ್‌ನ ಪಿಪಿಎಸ್ ನಂಬರ್ ಕೊಡಬೇಕು ಅಂತ ಆಯಿತು. ಬೇರೆಯವರ ಹೆಸರಲ್ಲಿ, ಇಲ್ಲದವರ ಹೆಸರಲ್ಲಿ ಕಂಪನಿ ಮಾಡೋದನ್ನು ತಡೆಯೋದಕ್ಕೆ. ಒಳ್ಳೆಯ ನಿಯಮವೇ. ಡೈರೆಕ್ಟರ್‌ನ ಹೆಸರು, ಹುಟ್ಟಿದ ದಿನ, ನಂಬರ್, ಈ ಮೂರನ್ನೂ ಸರ್ಕಾರದ ಪಿಪಿಎಸ್ ದಾಖಲೆಯ ಜೊತೆ ಹೋಲಿಸಿ ನೋಡ್ತಾರೆ. ತಾಳೆಯಾಗದಿದ್ದರೆ ವಾಪಸ್.

ಇಲ್ಲಿ ನಮ್ಮ ಕನ್ನಡದ ಹೆಸರುಗಳು ಸಿಕ್ಕಿಹಾಕಿಕೊಳ್ತವೆ. ನಮಗೆ ಇನಿಷಿಯಲ್ ಇರುತ್ತೆ. ಅದರಲ್ಲಿ ಒಂದು ಊರು, ಒಂದು ಅಪ್ಪ. ಶಾಲೆಯಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದು ಇನ್ನೊಂದು ಥರ, ಬ್ಯಾಂಕಿನಲ್ಲಿ ಮತ್ತೊಂದು ಥರ. ನನ್ನ ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಅವಳ ಹೆಸರಿನ ಜೊತೆ ಇರೋದು ಅವರಪ್ಪನ ಹೆಸರು. ಪಿಪಿಎಸ್ ಆಗಿದ್ದೂ, ನರ್ಸಿಂಗ್ ನೋಂದಣಿ ಆಗಿದ್ದೂ ಆ ಹೆಸರಿನಲ್ಲೇ. ಕಂಪನಿ ಫಾರಂ ತುಂಬುವಾಗ ಮಾತ್ರ ನಾನು ಅಭ್ಯಾಸಬಲದಿಂದ ಅವಳ ಹೆಸರಿನ ಜೊತೆ ನನ್ನ ಹೆಸರು ಹಾಕಿಬಿಟ್ಟಿದ್ದೆ. ಅವಳು ನೈಟ್ ಡ್ಯೂಟಿ ಮುಗಿಸಿ ಬಂದಿದ್ದಳು. "ಇಲ್ಲೊಂದು ಸೈನ್ ಹಾಕು" ಅಂದೆ, ಹಾಕಿದಳು.

2023ರ ನವೆಂಬರ್ ಮೊದಲ ವಾರ ರಿಟರ್ನ್ ಕಳಿಸಿದೆ. ಮುಗೀತು ಅಂತ ಕೈ ತೊಳೆದುಕೊಂಡೆ. ಮುಂದಿನ ವಾರ ದೀಪಾವಳಿ, ಆರ್ಡರ್ ಮೇಲೆ ಆರ್ಡರ್. ಹೆಸರು ತಾಳೆಯಾಗಿಲ್ಲ, ಸರಿಪಡಿಸಿ ಕಳಿಸಿ ಅಂತ ಬಂದ ಇ-ಮೇಲ್ ನೂರಾರು ಮೇಲ್‌ಗಳ ನಡುವೆ ಓದದೆ ಕೂತಿತ್ತು. ನಾನು ನೋಡಿದಾಗ ಡಿಸೆಂಬರ್. ತಿದ್ದಿ ಕಳಿಸಲು ಇದ್ದ ಕಾಲವೂ ಮೀರಿತ್ತು. ಕಚೇರಿಯವರ ತಪ್ಪಿಲ್ಲ, ಅವರು ತಿಳಿಸಿದ್ದರು. ತಪ್ಪು ನನ್ನದೇ.

ತಡವಾದರೆ ಮೊದಲ ದಿನಕ್ಕೆ 100 ಯೂರೋ ದಂಡ, ಆಮೇಲೆ ದಿನಕ್ಕೆ 3 ಯೂರೋ, ಗರಿಷ್ಠ 1,200. ಇನ್ನೂರು ಚಿಲ್ಲರೆ ಕಟ್ಟಿದರೆ ಆಯಿತು, ಒಂದು ವಾರದ ಹಿಟ್ಟಿನ ಲಾಭ ಹೋಯಿತು ಅಂದುಕೊಂಡೆ. ಆಗ ಗೊತ್ತಾಯಿತು, ದಂಡ ದೊಡ್ಡದಲ್ಲ, ಅದರ ಹಿಂದೆ ಬರೋದು ದೊಡ್ಡದು.

ಸಣ್ಣ ಕಂಪನಿಗಳಿಗೆ ಇಲ್ಲಿ ಒಂದು ವಿನಾಯಿತಿ ಇದೆ. ಲೆಕ್ಕಪತ್ರವನ್ನು ಆಡಿಟರ್ ಕೈಯಲ್ಲಿ ಆಡಿಟ್ ಮಾಡಿಸಬೇಕಾಗಿಲ್ಲ. ಸಣ್ಣದು ಅಂದರೆ ನಮ್ಮಂಥವರಿಗೆ ಬಹಳ ದೊಡ್ಡದೇ. ವರ್ಷದ ವಹಿವಾಟು, ಆಸ್ತಿಯ ಮೊತ್ತ, ನೌಕರರ ಸಂಖ್ಯೆ ಅಂತ ಮೂರು ಅಳತೆ ಇವೆ. ನೌಕರರ ಮಿತಿಯೇ 50. ನಮ್ಮ ಅಂಗಡಿಗಳು ಅದರ ಹತ್ತಿರಕ್ಕೂ ಹೋಗಲ್ಲ. ಆದರೆ ಆಗಿನ ಕಾನೂನಿನ ಪ್ರಕಾರ, ರಿಟರ್ನ್ ಒಂದೇ ಒಂದು ದಿನ ತಡವಾದರೂ ಆ ವಿನಾಯಿತಿ ಎರಡು ವರ್ಷದ ಮಟ್ಟಿಗೆ ಹೋಗುತ್ತಿತ್ತು. ಕೋರ್ಟಿಗೆ ಹೋಗಿ ಹೆಚ್ಚಿನ ಸಮಯ ಕೇಳುವ ದಾರಿ ಇತ್ತು, ಆದರೆ ಅದಕ್ಕೂ ವಕೀಲರು, ಖರ್ಚು. ನನಗೆ ಧೈರ್ಯ ಸಾಲಲಿಲ್ಲ.

ಎರಡು ವರ್ಷದ ಆಡಿಟ್‌ಗೆ ನನಗೆ ಬಿದ್ದ ಖರ್ಚು ಹತ್ತಿರ ಹತ್ತಿರ ಆರು ಸಾವಿರ ಯೂರೋ. ಒಂದು ಗ್ರೈಂಡರ್, ಒಂದು ಫ್ರಿಜ್, ಒಬ್ಬ ಪಾರ್ಟ್‌ಟೈಮ್ ಹುಡುಗ ಇರುವ ಕಂಪನಿಗೆ! ಆ ದುಡ್ಡು ಎಲ್ಲಿಂದ ಬಂತು ಅಂದರೆ, 2024ರ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗಲು ಕೂಡಿಟ್ಟಿದ್ದರಿಂದ. ನಮ್ಮಮ್ಮ ಮಾವಿನಕಾಯಿ ಉಪ್ಪಿನಕಾಯಿ ಹಾಕಿ ಭರಣಿಗೆ ಬಟ್ಟೆ ಕಟ್ಟಿ ಇಟ್ಟಿದ್ದರು. "ಕೆಲಸ ಜಾಸ್ತಿ ಅಮ್ಮಾ, ಈ ವರ್ಷ ಆಗಲ್ಲ" ಅಂತ ಸುಳ್ಳು ಹೇಳಿದೆ. ಅವರು ಏನೂ ಕೇಳಲಿಲ್ಲ. ವಿಡಿಯೋದಲ್ಲಿ ಭರಣಿ ತೋರಿಸಿದರು, ಅಷ್ಟೇ.

ಹೆಂಡತಿಗೆ ನಿಜ ಹೇಳಲೇಬೇಕಾಯಿತು. ಕಾಗದ ನೋಡಿ ಅವಳು ಮೊದಲು ಕೇಳಿದ್ದು ದುಡ್ಡಿನ ಬಗ್ಗೆ ಅಲ್ಲ. "ಇವಳು ಯಾರು?" ಅಂದಳು. ನಾನು ಬರೆದಿದ್ದ ಹೆಸರಿನ ಮೇಲೆ ಬೆರಳಿಟ್ಟು. "ನಾನು ನರ್ಸಾಗಿ ಬಂದಿದ್ದಕ್ಕೆ ತಾನೇ ನೀವು ಈ ದೇಶಕ್ಕೆ ಬಂದಿದ್ದು. ಯಾವ ಹೆಸರಲ್ಲಿ ಬಂದೆನೋ ಆ ಹೆಸರನ್ನೇ ತೆಗೆದುಬಿಟ್ರಲ್ಲ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಬಿ-10 ಅನ್ನೋ ಫಾರಂ ತುಂಬಿ ಅವಳ ಹೆಸರನ್ನು ಅವಳಿಗೆ ವಾಪಸ್ ಕೊಟ್ಟೆ.

ಈಗ ಒಳ್ಳೆಯ ಸುದ್ದಿ. 2024ರ ನವೆಂಬರಿನಲ್ಲಿ ಇಲ್ಲಿ ಕಂಪನಿ ಕಾನೂನಿಗೆ ಹೊಸ ತಿದ್ದುಪಡಿ ಕಾಯ್ದೆ ಬಂತು. ಅದರ ಬಹುಪಾಲು ಡಿಸೆಂಬರ್ 3ರಿಂದ ಜಾರಿಯಾಯಿತು. ಆಡಿಟ್ ಬಗೆಗಿನ ಭಾಗ 2025ರ ಜುಲೈಯಲ್ಲಿ ಜಾರಿಗೆ ಬಂತು. ಈಗ ಸಣ್ಣ ಕಂಪನಿ ಮೊದಲ ಸಲ ತಡ ಮಾಡಿದರೆ ದಂಡ ಮಾತ್ರ, ವಿನಾಯಿತಿ ಉಳಿಯುತ್ತೆ. ಐದು ವರ್ಷದೊಳಗೆ ಎರಡನೇ ಸಲ ತಡವಾದರೆ ಮಾತ್ರ ವಿನಾಯಿತಿ ಹೋಗುತ್ತೆ. ನನ್ನ ಪಾಲಿಗೆ ಇದು ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ನಿಮ್ಮ ಪಾಲಿಗೆ ಹಾಗಲ್ಲ. ಆದರೆ ಒಂದು ಸಲ ಕ್ಷಮೆ ಇದೆ ಅಂತ ಅದನ್ನು ಸುಮ್ಮನೆ ಖರ್ಚು ಮಾಡಿಕೊಳ್ಳಬೇಡಿ. ಕಾಯಿಲೆ ಬೀಳುವ ವರ್ಷಕ್ಕೆ, ಊರಲ್ಲಿ ಏನಾದರೂ ಆಗಿ ಹಠಾತ್ತನೆ ಹೊರಡುವ ವರ್ಷಕ್ಕೆ ಅದು ಇರಲಿ.

ಅದೇ ಕಾಯ್ದೆಯಲ್ಲಿ ಬಿಗಿ ಮಾಡಿದ್ದೂ ಇದೆ. ಕಂಪನಿಯನ್ನು ಪಟ್ಟಿಯಿಂದ ತೆಗೆದುಹಾಕಲು ಹೊಸ ಕಾರಣಗಳು ಸೇರಿವೆ. ಕಂಪನಿಗೆ ದಾಖಲೆಯಲ್ಲಿ ಸೆಕ್ರೆಟರಿ ಇಲ್ಲದಿರೋದು ಒಂದು. ನಿಜವಾದ ಒಡೆಯರು ಯಾರು ಅನ್ನೋ ಮಾಹಿತಿ ಕೊಡದಿರೋದು ಇನ್ನೊಂದು. ನಾವು ಬಾಡಿಗೆ ಮನೆಯವರು, ಇವತ್ತು ಸ್ವೋರ್ಡ್ಸ್, ನಾಳೆ ಬಾಲ್‌ಬ್ರಿಗನ್. ಮನೆ ವಿಳಾಸವನ್ನೇ ಕಂಪನಿ ವಿಳಾಸ ಮಾಡಿದ್ದರೆ, ಮನೆ ಬದಲಿಸಿದ ದಿನವೇ ಅದನ್ನೂ ಬದಲಿಸಿ. ಕಾಗದ ಹಳೇ ಮನೆಗೆ ಹೋಗಿ ಬಿದ್ದರೆ ನಮಗೆ ತಲುಪಲಿಲ್ಲ ಅನ್ನೋ ನೆಪ ನಡೆಯಲ್ಲ.

ಊರಲ್ಲಿರುವ ಅಣ್ಣನನ್ನೋ ತಮ್ಮನನ್ನೋ ಡೈರೆಕ್ಟರ್ ಮಾಡಬೇಕು ಅಂತ ಕೆಲವರು ಕೇಳ್ತೀರಿ. ಮಾಡಬಹುದು. ಆದರೆ ಕನಿಷ್ಠ ಒಬ್ಬ ಡೈರೆಕ್ಟರ್ ಯುರೋಪಿಯನ್ ಆರ್ಥಿಕ ವಲಯದಲ್ಲಿ ವಾಸ ಇರಬೇಕು. ಇಲ್ಲದಿದ್ದರೆ 25,000 ಯೂರೋ ಬಾಂಡ್ ಬೇಕು. ಪೌರತ್ವ ಕೇಳಲ್ಲ, ವಾಸ ಕೇಳ್ತಾರೆ. ಊರಿನ ಅಣ್ಣನಿಗೆ ಪಿಪಿಎಸ್ ಇರಲ್ಲ ಅಲ್ವಾ, ಅವರು ವಿಐಎಫ್ ಅನ್ನೋ ಫಾರಂ ತುಂಬಿ, ನೋಟರಿ ಮುಂದೆ ಗುರುತು ದೃಢಪಡಿಸಿ, ಬೇರೆ ನಂಬರ್ ಪಡೆಯಬೇಕು. ಅದಕ್ಕೆ ಸಮಯ ಹಿಡಿಯುತ್ತೆ. ಐವತ್ತಾರನೇ ದಿನ ಶುರು ಮಾಡುವ ಕೆಲಸ ಅಲ್ಲ.

ಇದಕ್ಕೆಲ್ಲ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡು. ಒಂದು, ನಿಮಗೆ ವ್ಯಾಪಾರ ಮಾಡುವ ಅನುಮತಿ ಇದೆಯಾ? ಎರಡು, ಕಂಪನಿಯೇ ಬೇಕಾ?

ಅನುಮತಿ ವಿಷಯ ಸ್ಪಷ್ಟವಾಗಿ ಹೇಳ್ತೀನಿ, ಯಾಕಂದರೆ ಇಲ್ಲಿ ತಪ್ಪಿದರೆ ಹೋಗೋದು ದುಡ್ಡಲ್ಲ, ವೀಸಾ. ಸ್ಟಾಂಪ್ 1ರಲ್ಲಿ ಪರ್ಮಿಟ್ ಮೇಲೆ ಕೆಲಸ ಮಾಡುವವರು ಆ ಪರ್ಮಿಟ್ಟಿನ ಕೆಲಸ ಮಾತ್ರ ಮಾಡಬೇಕು. ಓದಲು ಬಂದ ಸ್ಟಾಂಪ್ 2ರ ಮಕ್ಕಳು ಓದಿನ ದಿನಗಳಲ್ಲಿ ವಾರಕ್ಕೆ 20 ಗಂಟೆ, ರಜೆಯ ತಿಂಗಳುಗಳಲ್ಲಿ 40 ಗಂಟೆ ನೌಕರಿ ಮಾಡಬಹುದು, ಸ್ವಂತ ವ್ಯಾಪಾರ ಇಲ್ಲ. 2024ರ ಮೇಯಿಂದ ಜನರಲ್ ಪರ್ಮಿಟ್ ಇರುವವರ ಸಂಗಾತಿಗಳಿಗೂ ಸ್ಟಾಂಪ್ 1ಜಿ ಸಿಗ್ತಾ ಇದೆ. ಎಷ್ಟೋ ಅಕ್ಕತಂಗಿಯರಿಗೆ ಅದರಿಂದ ಕೆಲಸ ಸಿಕ್ಕಿತು, ಬಹಳ ಸಂತೋಷ. ಆದರೆ 1ಜಿ ನೌಕರಿಗೆ ಮಾತ್ರ. "ಮನೇಲೇ ಊಟ ಮಾಡಿ ಮಾರ್ತೀನಿ, ಅದೇನು ದೊಡ್ಡ ವ್ಯಾಪಾರವಾ" ಅನ್ನೋದು ನಮ್ಮ ಲೆಕ್ಕ. ಕಾನೂನಿನ ಲೆಕ್ಕದಲ್ಲಿ ಅದು ವ್ಯಾಪಾರವೇ. ಸ್ಟಾಂಪ್ 4 ಬರುವವರೆಗೆ ಕಾಯಿರಿ.

ಇನ್ನು ಕಂಪನಿ ಬೇಕಾ ಅನ್ನೋದು. ಒಬ್ಬರೇ ಸಣ್ಣದಾಗಿ ಮಾಡುವವರು ಸೋಲ್ ಟ್ರೇಡರ್ ಆಗಿ ಶುರು ಮಾಡಬಹುದು. ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿಕೊಂಡು, ನಿಮ್ಮ ಸ್ವಂತ ಹೆಸರು ಬಿಟ್ಟು ಬೇರೆ ಹೆಸರಿಟ್ಟರೆ ಆ ಹೆಸರನ್ನು ಸಿಆರ್‌ಒದಲ್ಲಿ ನೋಂದಾಯಿಸಬೇಕು. ಕಂಪನಿಯ ಹಾಗೆ ವಾರ್ಷಿಕ ರಿಟರ್ನಿನ ಕಾಟ ಇಲ್ಲ. ಆದರೆ ನಷ್ಟವಾದರೆ, ಸಾಲವಾದರೆ, ಅದು ನಿಮ್ಮ ತಲೆ ಮೇಲೇ. ಕಂಪನಿಯಾದರೆ ಕಂಪನಿಯ ತಲೆ ಮೇಲೆ. ಲಾಭ ನಷ್ಟ ತೂಗಿ ನೋಡಿ. "ಲಿಮಿಟೆಡ್" ಅಂತ ಬೋರ್ಡ್ ಚೆನ್ನಾಗಿ ಕಾಣುತ್ತೆ ಅನ್ನೋ ಕಾರಣಕ್ಕೆ ಮಾಡಬೇಡಿ. ನಾನು ಮಾಡಿದ್ದು ಅರ್ಧ ಆ ಕಾರಣಕ್ಕೇ.

ವ್ಯಾಟ್ ನೋಂದಣಿಯ ಮಿತಿ 2025ರ ಜನವರಿಯಿಂದ ಏರಿದೆ. ಸರಕು ಮಾರುವವರಿಗೆ ವರ್ಷಕ್ಕೆ 85,000 ಯೂರೋ, ಸೇವೆ ಕೊಡುವವರಿಗೆ 42,500. ಹೋಟೆಲ್, ಕೇಟರಿಂಗ್ ಯೋಚನೆಯಲ್ಲಿರುವವರಿಗೆ ಇನ್ನೊಂದು: ಈ ವರ್ಷ ಜುಲೈ 1ರಿಂದ ಊಟ ತಿಂಡಿಯ ವ್ಯಾಟ್ ಶೇಕಡಾ 13.5ರಿಂದ 9ಕ್ಕೆ ಇಳಿಸುತ್ತೇವೆ ಅಂತ ಬಜೆಟ್‌ನಲ್ಲಿ ಹೇಳಿದ್ದಾರೆ. ಆಹಾರ ಮಾಡಿ ಮಾರುವವರು, ಮನೆಯಲ್ಲೇ ಮಾಡಿದರೂ, ಎಚ್‌ಎಸ್‌ಇಯ ಪರಿಸರ ಆರೋಗ್ಯ ವಿಭಾಗದಲ್ಲಿ ನೋಂದಾಯಿಸಬೇಕು. ಅಲರ್ಜಿ ಕೊಡುವ 14 ಪದಾರ್ಥಗಳ ಪಟ್ಟಿ ಇದೆ, ಇದ್ದರೆ ಬರೆದು ತೋರಿಸಬೇಕು. ಕಡಲೆಕಾಯಿ, ಎಳ್ಳು, ಸಾಸಿವೆ ಮೂರೂ ಅದರಲ್ಲಿವೆ. ಅಂದರೆ ನಮ್ಮ ಚಟ್ನಿಪುಡಿಯಿಂದ ಒಗ್ಗರಣೆಯವರೆಗೆ ಎಲ್ಲವೂ. ಈಗ ನೀವು ಬಾಯಿಗೆ ಹಾಕಿಕೊಂಡ ಎಳ್ಳು ಬೆಲ್ಲವನ್ನು ಮಾರೋದಾದರೆ ಅದಕ್ಕೂ ಚೀಟಿ ಬೇಕು.

ಇದುವರೆಗೆ ಮಾರುವವರ ಮಾತಾಯಿತು. ಇಲ್ಲಿ ಹೆಚ್ಚಿನವರು ದುಡಿಯುವವರು. ವ್ಯಾಪಾರದ ಮೇಲೆ ಬಂದ ನಿಯಮಗಳೆಲ್ಲ ಇನ್ನೊಂದು ಕಡೆಯಿಂದ ನೋಡಿದರೆ ನಿಮ್ಮ ಹಕ್ಕುಗಳು. ಈ ಜನವರಿಯಿಂದ ಕನಿಷ್ಠ ವೇತನ ಗಂಟೆಗೆ 14.15 ಯೂರೋ. ಕಾಯಿಲೆ ಬಿದ್ದರೆ ವರ್ಷಕ್ಕೆ ಐದು ದಿನ ಮಾಲೀಕ ಸಂಬಳ ಕೊಡಬೇಕು, ಸಂಬಳದ ಶೇಕಡಾ 70, ದಿನಕ್ಕೆ 110 ಯೂರೋ ಮೀರದಂತೆ. ಹದಿಮೂರು ವಾರ ಕೆಲಸ ಮಾಡಿರಬೇಕು, ಡಾಕ್ಟರ್ ಚೀಟಿ ಇರಬೇಕು. ಪರ್ಮಿಟ್ ಮೇಲಿರುವವರು 2024ರ ಸೆಪ್ಟೆಂಬರ್ 2ರಿಂದ, ಒಂಬತ್ತು ತಿಂಗಳಾದ ಮೇಲೆ ಅದೇ ಬಗೆಯ ಕೆಲಸಕ್ಕೆ ಬೇರೆ ಮಾಲೀಕರ ಹತ್ತಿರ ಹೋಗಬಹುದು. ಈ ಜನವರಿ 1ರಿಂದ ಪಿಂಚಣಿ ಯೋಜನೆಯೂ ಶುರುವಾಗಿದೆ. 23ರಿಂದ 60 ವಯಸ್ಸಿನವರು, ವರ್ಷಕ್ಕೆ 20,000 ಯೂರೋಗಿಂತ ಹೆಚ್ಚು ದುಡಿಯುವವರು, ಬೇರೆ ಪಿಂಚಣಿ ಇಲ್ಲದಿದ್ದರೆ ತಾನಾಗಿಯೇ ಸೇರ್ತಾರೆ. ನೀವು 3 ಯೂರೋ ಹಾಕಿದರೆ ಮಾಲೀಕ 3 ಹಾಕಬೇಕು, ಸರ್ಕಾರ 1 ಹಾಕುತ್ತೆ. ಸಂಬಳದ ಚೀಟಿಯಲ್ಲಿ ಏನೋ ಹೊಸದಾಗಿ ಕಡಿತ ಆಗಿದೆ ಅಂತ ಗಾಬರಿಯಾಗಬೇಡಿ, ಮಾಲೀಕರ ಪಾಲು ಬಂದಿದೆಯಾ ಅಂತ ನೋಡಿ.

ಇನ್ನೊಂದು ವಿಷಯದಲ್ಲಿ ನಾನೇ ಜಾರಿಬೀಳುವುದರಲ್ಲಿದ್ದೆ. ನನ್ನ ಹತ್ತಿರ ಕೆಲಸ ಮಾಡುವ ವಿದ್ಯಾರ್ಥಿ ಒಂದು ದಿನ, "ಅಣ್ಣಾ, ಇಪ್ಪತ್ತು ಗಂಟೆ ಸಾಲ್ತಿಲ್ಲ, ಉಳಿದ ಗಂಟೆಗೆ ನಾನು ಬಿಲ್ ಕೊಡ್ತೀನಿ, ನೀವು ಕಾಂಟ್ರಾಕ್ಟರ್ ಅಂತ ತೋರಿಸಿ" ಅಂದ. ಬಾಡಿಗೆ ಕಟ್ಟಲು ಅವನಿಗೆ ಕಷ್ಟ ಇತ್ತು. ನನಗೂ ಅದು ಅಗ್ಗ. ಹೂಂ ಅನ್ನುವುದರಲ್ಲಿದ್ದೆ. ಆದರೆ 2023ರ ಅಕ್ಟೋಬರ್ 20ರಂದು ಇಲ್ಲಿನ ಸುಪ್ರೀಂ ಕೋರ್ಟ್ ಪಿಜ್ಜಾ ಡೆಲಿವರಿ ಚಾಲಕರ ಕೇಸಿನಲ್ಲಿ, ಕಾಗದದಲ್ಲಿ ಸ್ವತಂತ್ರ ಕಾಂಟ್ರಾಕ್ಟರ್ ಅಂತ ಬರೆದಿದ್ದರೂ ಅವರು ತೆರಿಗೆಯ ಲೆಕ್ಕಕ್ಕೆ ನೌಕರರೇ ಅಂತ ತೀರ್ಪು ಕೊಟ್ಟಿತ್ತು. ಕೂಲಿಗೆ ಕೆಲಸ ಮಾಡ್ತಾರಾ, ತಾವೇ ಖುದ್ದಾಗಿ ಮಾಡಬೇಕಾ, ಹೇಗೆ ಮಾಡಬೇಕು ಅಂತ ಹೇಳುವವರು ಯಾರು ಅನ್ನೋದನ್ನು ಕೋರ್ಟ್ ನೋಡಿತು. ನಮ್ಮ ಹುಡುಗನ ವಿಷಯದಲ್ಲಿ ಮೂರಕ್ಕೂ ಉತ್ತರ ಒಂದೇ. ಮೇಲಾಗಿ ಅವನ ಸ್ಟಾಂಪಿನಲ್ಲಿ ಸ್ವಂತ ವ್ಯಾಪಾರ ಇಲ್ಲ. ಸಿಕ್ಕಿಬಿದ್ದರೆ ನನಗೆ ದಂಡ, ಅವನಿಗೆ ವಾಪಸ್ ವಿಮಾನ. "ಬೇಡ ಕಣಪ್ಪಾ" ಅಂದೆ. ಆ ತಿಂಗಳ ಬಾಡಿಗೆಗೆ ಕೈಗಡ ಕೊಟ್ಟೆ. ಆಮೇಲೆ ತೀರಿಸಿದ, ಇಲ್ಲೇ ಹಿಂದೆ ಕೂತಿದ್ದಾನೆ.

ಇದು ಇಲ್ಲಿನ ಕಥೆ ಮಾತ್ರ ಅಲ್ಲ. ಹೋದ ವರ್ಷ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಬಂದದ್ದು ನೀವೂ ನೋಡಿದ್ದೀರಿ. ಯುಪಿಐನಲ್ಲಿ ಬಂದ ದುಡ್ಡಿನ ಲೆಕ್ಕ ಹಿಡಿದು ಕೊಟ್ಟ ನೋಟಿಸ್. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ಮೀರಿದರೆ ನೋಂದಣಿ ಬೇಕು ಅನ್ನೋ ನಿಯಮ ಮೊದಲೇ ಇತ್ತು. ಹಾಲು, ತರಕಾರಿ, ಬ್ರೆಡ್ಡಿಗೆ ತೆರಿಗೆಯೇ ಇಲ್ಲ, ಅದನ್ನು ಮಾರಿದ ದುಡ್ಡೂ ಆ ಮೊತ್ತದಲ್ಲಿ ಸೇರಿತ್ತು ಅನ್ನೋದು ವ್ಯಾಪಾರಿಗಳ ಅಳಲು. ಕೊನೆಗೆ ಮುಖ್ಯಮಂತ್ರಿಗಳ ಜೊತೆ ಸಭೆಯಾಗಿ ವಿಷಯ ತಣ್ಣಗಾಯಿತು. ನಮ್ಮ ಭಾವನಿಗೆ ನೋಟಿಸ್ ಬರಲಿಲ್ಲ, ಆದರೂ ಹೆದರಿ ಗಲ್ಲಾಪೆಟ್ಟಿಗೆ ಮೇಲಿನ ಕ್ಯೂಆರ್ ಚೀಟಿ ಕಿತ್ತುಹಾಕಿದರು. ನಾನು ಫೋನಿನಲ್ಲಿ ಹೇಳಿದೆ, "ಭಾವ, ಚೀಟಿ ಕಿತ್ತರೆ ಆಗಲ್ಲ, ಬ್ರೆಡ್ ಎಷ್ಟು, ಕೇಕ್ ಎಷ್ಟು ಅಂತ ದಿನಾ ಬರೆದಿಡಿ. ಕೇಳಿದಾಗ ತೋರಿಸಲು ನಿಮ್ಮ ಪುಸ್ತಕ ಇರಲಿ." ಆರು ಸಾವಿರ ಯೂರೋ ಕೊಟ್ಟು ಕಲಿತ ಪಾಠ, ಭಾವನಿಗೆ ಪುಕ್ಕಟೆ ಕೊಟ್ಟೆ. ಈಗ ನಿಮಗೂ.

ಹೊಸ ಊರಲ್ಲಿ ನಮಗೆ ಮುಖಪರಿಚಯ ಇಲ್ಲ. ಊರಲ್ಲಾದರೆ "ಇಂಥವರ ಮಗ" ಅಂದರೆ ಸಾಕು. ಇಲ್ಲಿ ನಮ್ಮ ಪರವಾಗಿ ಮಾತಾಡೋದು ನಮ್ಮ ಕಾಗದ ಮಾತ್ರ. ಅದರಲ್ಲಿ ಹೆಸರು ಸರಿ ಇರಬೇಕು, ತಾರೀಖು ಸರಿ ಇರಬೇಕು. ಕಾನೂನು ನಮಗೆ ಹೊಸ ಬಾಗಿಲು ತೆರೆದಾಗಲೂ ಕೇಳೋದು ಅದನ್ನೇ.

ಹೋದ ವರ್ಷ ರಿಟರ್ನನ್ನು ಇಪ್ಪತ್ತು ದಿನ ಮುಂಚೆಯೇ ಕೊಟ್ಟೆವು. ಈ ಸಲ ಫಾರಂ ತುಂಬಿದ್ದು ನಮ್ಮ ಮನೆಯವಳು, ಸೈನ್ ಹಾಕಿದ್ದು ನಾನು. ಓದಿಯೇ ಹಾಕಿದೆ. ಬೇಸಿಗೆಗೆ ಊರಿಗೆ ಟಿಕೆಟ್ ಆಗಿದೆ. ಅಮ್ಮ ಮತ್ತೆ ಭರಣಿ ತೊಳೆದಿಟ್ಟಿದ್ದಾರಂತೆ.

ಊಟ ಆದ ಮೇಲೆ ಆ ಮೂಲೆಯ ಮೇಜಿನ ಹತ್ತಿರ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರ್ತೀನಿ. ಕಂಪನಿ ಇರುವವರು ಬನ್ನಿ. ನಿಮ್ಮ ಹೆಸರು ಪಿಪಿಎಸ್ ಕಾಗದದಲ್ಲಿ ಹೇಗಿದೆ, ಸಿಆರ್‌ಒದಲ್ಲಿ ಹೇಗಿದೆ, ನಿಮ್ಮ ತಾರೀಖು ಯಾವುದು, ಒಟ್ಟಿಗೆ ನೋಡೋಣ. ಐದು ನಿಮಿಷದ ಕೆಲಸ. ಗಂಡ ಹೆಂಡತಿ ಇಬ್ಬರೂ ಬನ್ನಿ.